ವೇದಿಕೆ ಹತ್ತದವರ ನಾಯಕತ್ವ

ಪ್ರಶ್ನೆ: ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಕಾಂ. ವಿದ್ಯಾರ್ಥಿನಿ. ನಮ್ಮಲ್ಲಿ ಚೆನ್ನಾಗಿ ಮಾತನಾಡುವವರೇ ತರಗತಿಯ ಪ್ರತಿನಿಧಿಗಳಾಗುತ್ತಾರೆ. ವೇದಿಕೆ ಹತ್ತಲು ಅಂಜುವ ನನ್ನಂಥವರು ಪದವಿ ಮುಗಿಯುವುದರೊಳಗೆ ನಾಯಕತ್ವದ ಗುಣವನ್ನು ಬೆಳೆಸಿಕೊಳ್ಳಲು ಸಾಧ್ಯವೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಖಂಡಿತ ಸಾಧ್ಯ. ನಾಯಕತ್ವವನ್ನೂ ಮಾತುಗಾರಿಕೆಯನ್ನೂ ಒಂದೇ ಎಂದು ಭಾವಿಸಿರುವುದರಿಂದ ನಿಮಗೆ ಈ ಅಳುಕು ಹುಟ್ಟಿದೆ. ಸಂಬಳ ಕೊಡಲಾಗದ, ಶಿಕ್ಷೆ ವಿಧಿಸಲಾಗದ ಸಮವಯಸ್ಕರನ್ನು ಒಂದು ಕೆಲಸಕ್ಕೆ ಒಪ್ಪಿಸಿ, ಮನಸ್ತಾಪವಿಲ್ಲದೆ ಅದನ್ನು ಕೊನೆಮುಟ್ಟಿಸುವುದೇ ನೀವು ಕಲಿಯಬೇಕಾದ ವಿದ್ಯೆ. ಅದಕ್ಕೆ ರಾಷ್ಟ್ರೀಯ ಸೇವಾ ಯೋಜನೆಯ ಘಟಕಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸೇವೆ ಸಲ್ಲಿಸಬೇಕು ಮತ್ತು ದತ್ತು ಗ್ರಾಮದಲ್ಲಿ ನಡೆಯುವ 7 ದಿನಗಳ ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕು. ನಿಮಗಿನ್ನೂ ಕಾಲ ಮಿಂಚಿಲ್ಲ.

ಶಿಬಿರದಲ್ಲಿ ಆಹಾರ ಸಮಿತಿಯನ್ನು ಕೇಳಿ ಪಡೆಯಿರಿ. ಬಹುತೇಕರು ಸಾಂಸ್ಕೃತಿಕ ಸಮಿತಿಗೆ ಮುಗಿಬೀಳುತ್ತಾರೆ. ಆದರೆ ನಿಜವಾದ ಕಲಿಕೆ ಇರುವುದು ಅಡುಗೆಯ ಕೊಟ್ಟಿಗೆಯಲ್ಲಿ. ಸುಮಾರು 50 ಮಂದಿಗೆ ದಿನಸಿ ಎಷ್ಟು ಬೇಕು, ಇರುವ ಹಣದಲ್ಲಿ ಏಳೂ ದಿನ ತೂಗಿಸುವುದು ಹೇಗೆ, ಶ್ರಮದಾನದಿಂದ ಹಸಿದು ಬಂದವರನ್ನು ಕಾಯಿಸದಂತೆ ತರಕಾರಿ ಹೆಚ್ಚುವವರನ್ನು ಎಷ್ಟು ಹೊತ್ತಿಗೆ ಎಬ್ಬಿಸಬೇಕು, ಪಾತ್ರೆ ತೊಳೆಯುವ ಸರದಿಯಿಂದ ತಪ್ಪಿಸಿಕೊಂಡ ಗೆಳತಿಗೆ ನಾಲ್ಕು ಜನರೆದುರು ಮುಖಭಂಗವಾಗದಂತೆ ಹೇಗೆ ತಿಳಿಹೇಳಬೇಕು ಎಂಬುದನ್ನೆಲ್ಲ ನೀವೇ ನಿರ್ಧರಿಸಬೇಕಾಗುತ್ತದೆ. ಹುಡುಗರೂ ಈ ಸಮಿತಿಯಲ್ಲಿರಲಿ ಎಂದು ಮೊದಲೇ ಹೇಳಿ. ಅಡುಗೆ ಹೆಣ್ಣುಮಕ್ಕಳ ಪಾಲಿಗೆಂದು ಬಿಟ್ಟುಬಿಡುವ ರೂಢಿಯನ್ನು ಒಪ್ಪಿಕೊಳ್ಳಬೇಡಿ. ಖರ್ಚಿನ ಲೆಕ್ಕವನ್ನು ದಿನವೂ ಬರೆದು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿ. ವಾಣಿಜ್ಯ ವಿದ್ಯಾರ್ಥಿನಿಯಾದ ನಿಮಗೆ ಅದು ಕಷ್ಟವಲ್ಲ. ಲೆಕ್ಕ ತೆರೆದಿಟ್ಟವರ ಮಾತಿಗೆ ಗೆಳೆಯರು ಬೇಗ ಕಿವಿಗೊಡುತ್ತಾರೆ.

ಇನ್ನು ಅಂಜಿಕೆಯ ವಿಚಾರ. ಹಿಂದಿನ ದಿನದ ವರದಿಯನ್ನು ಬೆಳಗಿನ ಸಭೆಯಲ್ಲಿ ಓದುವ ಪದ್ಧತಿ ಅನೇಕ ಶಿಬಿರಗಳಲ್ಲಿದೆ. ಬರೆದದ್ದನ್ನು ಓದುವುದರಿಂದ ತೊಡಗಿ, ನಾಲ್ಕನೆಯ ದಿನ ಹಾಳೆಯಿಲ್ಲದೆ ಹೇಳಲು ಪ್ರಯತ್ನಿಸಿ.

ಪ್ರಮಾಣಪತ್ರಕ್ಕಾಗಿಯೇ ಹಾಜರಿ ಹಾಕಿಸಿಕೊಳ್ಳುವವರ ಜೊತೆ ಸೇರಬೇಡಿ. ಅಂತಿಮ ವರ್ಷದಲ್ಲಿ ಅದೇ ಸಮಿತಿಯನ್ನು ಕಿರಿಯರೊಬ್ಬರಿಗೆ ವಹಿಸಿ, ಅವರು ಕೇಳಿದಾಗ ಮಾತ್ರ ಸಲಹೆ ಕೊಡಿ. ಈ ವಾರವೇ ನಿಮ್ಮ ಕಾಲೇಜಿನ ಕಾರ್ಯಕ್ರಮಾಧಿಕಾರಿಯನ್ನು ಕಂಡು ನೋಂದಣಿಯ ಬಗ್ಗೆ ವಿಚಾರಿಸಿ.