ಸಂಪಾದಕರ ಉತ್ತರ: ಫಿಲಿಪನ ನೆರಳು, ಹಾಕಿನ್ಸನ ಹಡಗು

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ‘ದಿ ಸೀ ಹಾಕ್’ ಚಿತ್ರವನ್ನು ಹೊಗಳಿದ್ದು ನಿಮಗೆ ಹಿಡಿಸಿಲ್ಲ. ಅದು ಕಡಲ ಸಾಹಸದ ವೇಷ ತೊಟ್ಟ ಯುದ್ಧಪ್ರಚಾರ, ಸ್ಪೇನಿನ ದೊರೆಗೆ ಹಿಟ್ಲರನ ಬಣ್ಣ ಬಳಿದಿದ್ದಾರೆ, ಅಂಥದ್ದನ್ನು ಕಲೆಯೆಂದು ಮೆರೆಸುವುದೇಕೆ ಎಂದು ಕೇಳಿದ್ದೀರಿ.

ಪ್ರಚಾರವೇ ಹೌದು. ಚಿತ್ರ ಅದನ್ನು ಮುಚ್ಚಿಡುವುದೂ ಇಲ್ಲ. ಆರಂಭದಲ್ಲೇ ಸ್ಪೇನಿನ ದೊರೆ ಎರಡನೆಯ ಫಿಲಿಪ್ ಗೋಡೆಯಗಲದ ಭೂಪಟದ ಮುಂದೆ ನಿಂತು, ಒಂದು ದಿನ ಇದೆಲ್ಲ ಸ್ಪೇನೇ ಆಗಲಿದೆ ಎನ್ನುತ್ತಾನೆ. ಅವನ ನೆರಳು ಪಟದ ಮೇಲೆ ಕವಿಯುತ್ತದೆ. ಕೊನೆಯಲ್ಲಿ ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ರಾಣಿಯ ಪಾತ್ರದ ಫ್ಲೋರಾ ರಾಬ್ಸನ್, ಭೂಮಿ ಯಾರೊಬ್ಬನ ಸ್ವತ್ತೂ ಅಲ್ಲವೆಂದು ಸಾರಿ ನೌಕಾಪಡೆ ಕಟ್ಟಲು ಹೊರಡುತ್ತಾರೆ. ಚಿತ್ರ ತೆರೆಗೆ ಬಂದದ್ದು 1940ರ ನಡುಭಾಗದಲ್ಲಿ. ಫ್ರಾನ್ಸ್ ಶರಣಾಗಿತ್ತು, ಅಮೆರಿಕ ಇನ್ನೂ ತಟಸ್ಥವಾಗಿತ್ತು. ನಿರ್ದೇಶಕ ಮೈಕೆಲ್ ಕರ್ಟಿಜ್ ಹಂಗೇರಿಯ ಯಹೂದಿ ಮನೆತನದವರು. ಸಂಗೀತ ಕೊಟ್ಟ ಕಾರ್ನ್‌ಗೋಲ್ಡ್ ಕೂಡ ಯಹೂದಿ. 1938ರಲ್ಲಿ ನಾಜಿಗಳು ಆಸ್ಟ್ರಿಯವನ್ನು ನುಂಗಿದ ಮೇಲೆ ವಿಯೆನ್ನಾಕ್ಕೆ ಮರಳಲಾಗದೆ ಹಾಲಿವುಡ್‌ನಲ್ಲೇ ಉಳಿದವರು. ಅಂಥವರು ಆ ವರ್ಷ ಯಾರ ಪಕ್ಷವನ್ನೂ ವಹಿಸದ ಚಿತ್ರ ಮಾಡಬೇಕಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ.

ನನ್ನ ತಕರಾರು ಇರುವುದು ನೀವು ಬೆರಳಿಟ್ಟ ಕಡೆಯಲ್ಲಲ್ಲ, ಹಡಗಿನಲ್ಲಿ ಹುಟ್ಟು ಹಾಕುವ ಕೈದಿಗಳ ದೃಶ್ಯದಲ್ಲಿ. ರಾಣಿಯ ಪರವಾಗಿ ಸ್ಪೇನಿನ ಹಡಗುಗಳನ್ನು ದೋಚುವ ನಾಯಕ ಥಾರ್ಪ್, ಅಂದರೆ ಎರಲ್ ಫ್ಲಿನ್, ಸ್ಪೇನಿನ ಹಡಗಿಗೆ ನುಗ್ಗಿ ಸರಪಳಿಯಲ್ಲಿದ್ದ ಇಂಗ್ಲಿಷ್ ಕೈದಿಗಳನ್ನು ಬಿಡಿಸುತ್ತಾನೆ. ಮುಂದೆ ತಾನೇ ಸೆರೆಸಿಕ್ಕು ಅದೇ ಹಲಗೆಯ ಮೇಲೆ ಕೂರುತ್ತಾನೆ. ರಾಣಿಯ ಕಡಲುಗಳ್ಳರೆಂದರೆ ದಾಸ್ಯದ ಕಡುವೈರಿಗಳು ಎಂಬ ಭಾವನೆ ನೋಡುಗರಲ್ಲಿ ಗಟ್ಟಿಯಾಗುತ್ತದೆ. ಇತಿಹಾಸದಲ್ಲಿ ಆದದ್ದೇನು? ಅಂಥ ಕಡಲುಗಳ್ಳರಲ್ಲೊಬ್ಬನಾದ ಜಾನ್ ಹಾಕಿನ್ಸ್ 1562ರಲ್ಲಿ ಪಶ್ಚಿಮ ಆಫ್ರಿಕಕ್ಕೆ ಹೋಗಿ, ಹಿಡಿದ ಜನರನ್ನು ಕೆರಿಬಿಯನ್ನಿನ ಸ್ಪೇನ್ ವಸಾಹತಿನಲ್ಲಿ ಮಾರಿ ಬಂದ. 1564ರ ಯಾನಕ್ಕೆ ಎಲಿಜಬೆತ್ ತನ್ನದೇ ಹಡಗು ‘ಜೀಸಸ್ ಆಫ್ ಲೂಬೆಕ್’ ಅನ್ನು ಕೊಟ್ಟಳು. 1567ರಲ್ಲಿ ಹಾಕಿನ್ಸ್ ಹೊರಟ ಯಾನದಲ್ಲಿ ರಾಣಿಯ ಮತ್ತೊಬ್ಬ ಹೆಸರಾಂತ ಕಡಲುಗಳ್ಳ ಫ್ರಾನ್ಸಿಸ್ ಡ್ರೇಕ್ ಕೂಡ ಇದ್ದ. ಥಾರ್ಪ್‌ನನ್ನು ಎರಕ ಹೊಯ್ದದ್ದು ಈ ಡ್ರೇಕ್‌ನ ಅಚ್ಚಿನಲ್ಲೇ. ಫಿಲಿಪನನ್ನು ಕಪ್ಪಾಗಿಸಿದ್ದಕ್ಕಿಂತ ಇವರನ್ನು ಇಷ್ಟು ಬೆಳ್ಳಗಾಗಿಸಿದ್ದು ನನಗೆ ಹೆಚ್ಚು ಚುಚ್ಚುತ್ತದೆ. (ಎಲಿಜಬೆತ್ತಳ ಮಂತ್ರಿಯಾಗಿದ್ದು ಸ್ಪೇನನ್ನು ಕಂಡರಾಗದಿದ್ದ ವಾಲ್ಸಿಂಗ್‌ಹ್ಯಾಮ್‌ನ ಹೆಸರನ್ನೇ ತುಸು ತಿರುಚಿ, ‘ವುಲ್ಫಿಂಗ್‌ಹ್ಯಾಮ್’ ಎಂಬ ದೇಶದ್ರೋಹಿಯನ್ನು ಸೃಷ್ಟಿಸಿದ್ದಾರೆ. ಬದುಕಿದ್ದರೆ ಮಾನನಷ್ಟ ಮೊಕದ್ದಮೆ ಹೂಡುತ್ತಿದ್ದ.)

ಹಾಗಿದ್ದೂ ಹೊಗಳಿದ್ದೇಕೆ? ಆ ಕಸುಬುಗಾರಿಕೆಗಾಗಿ. ವಾರ್ನರ್ ಸಂಸ್ಥೆ ನೀರು ತುಂಬಿಸಬಲ್ಲ ಸ್ಟುಡಿಯೋವನ್ನೇ ಕಟ್ಟಿಸಿ ಅದರೊಳಗೆ ಪೂರ್ಣ ಗಾತ್ರದ ಎರಡು ಹಡಗುಗಳನ್ನು ನಿಲ್ಲಿಸಿತು. ಕಪ್ಪು-ಬಿಳುಪು ಚಿತ್ರವು ಪನಾಮದ ಕಾಡಿಗೆ ಬಂದೊಡನೆ ಕಂದುಬಣ್ಣಕ್ಕೆ ತಿರುಗುತ್ತದೆ. ಸೆಕೆ ನಮಗೂ ತಟ್ಟುತ್ತದೆ. ಖಳನಟ ಹೆನ್ರಿ ಡ್ಯಾನಿಯೆಲ್‌ಗೆ ಕತ್ತಿವರಸೆ ಬಾರದು. ಕರ್ಟಿಜ್ ಬದಲಿ ನಟರನ್ನು ಬಳಸಿ, ಗೋಡೆಯ ಮೇಲೆ ಆಳೆತ್ತರದ ನೆರಳುಗಳನ್ನೇ ಕಾದಾಡಿಸಿದರು. ಆ ಕಾಳಗವೇ ಇಡೀ ಚಿತ್ರದಲ್ಲಿ ಅತ್ಯಂತ ಚೆಲುವಾದದ್ದು.

1947ರ ಮರುಬಿಡುಗಡೆಯಲ್ಲಿ ಚಿತ್ರಕ್ಕೆ ಕತ್ತರಿ ಬಿದ್ದಿತ್ತು. ಮತ್ತೆ ನೋಡುವುದಾದರೆ 127 ನಿಮಿಷದ ಪೂರ್ಣ ಪ್ರತಿಯನ್ನೇ ಹುಡುಕಿ. ನೋಡಿದ ಮೇಲೆ ಹಾಕಿನ್ಸನನ್ನು ಬೈದು ಪತ್ರ ಬರೆದರೆ ಒಂದಕ್ಷರವನ್ನೂ ಕತ್ತರಿಸದೆ ಅಚ್ಚು ಹಾಕುತ್ತೇವೆ.

— ಸಂಪಾದಕ