ಕೆನಡಿ ಸಹೋದರರು, ಕಿಂಗ್ ಕೊಲೆಯಾಗದಿದ್ದರೆ ಅಮೆರಿಕದ ಪ್ರಗತಿಪರ ರಾಜಕೀಯ ಬೇರೆ ದಾರಿ ಹಿಡಿಯುತ್ತಿತ್ತಾ?

ನೀವು ಕೇಳಿರುವುದು ಇದು: 1960ರ ದಶಕದಲ್ಲಿ ಕೆನಡಿ ಅಣ್ಣತಮ್ಮಂದಿರು ಮತ್ತು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗದೇ ಇದ್ದಿದ್ದರೆ ಅಮೆರಿಕದ ಪ್ರಗತಿಪರ ರಾಜಕೀಯ ಇಷ್ಟು ಸೊರಗುತ್ತಿತ್ತಾ? ಅದರಲ್ಲಿ ವಿಯೆಟ್ನಾಂ ಯುದ್ಧದ ಪಾಲೆಷ್ಟು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಲೆಕ್ಕದಲ್ಲಿ ಯುದ್ಧದ ಪಾಲೇ ಜಾಸ್ತಿ. ಕೊಲೆಗಳು ಜನರ ಮನಸ್ಸಿನಲ್ಲಿ ನಿಂತಿವೆ. ಫೋಟೋ ಇದೆ, ಫಿಲ್ಮ್ ಇದೆ, ಯಾರು ಮಾಡಿಸಿದರು ಅನ್ನೋ ಮುಗಿಯದ ವಾದ ಇದೆ. ಹಾಗಾಗಿ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. (ಯಾರು ಮಾಡಿಸಿದರು ಅನ್ನೋ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ. ಆ ಬಾವಿಗೆ ಇಳಿದವರು ಮೇಲೆ ಹತ್ತಿ ಬಂದದ್ದು ಕಮ್ಮಿ.) ನಾನು ಇತಿಹಾಸದ ಮೇಷ್ಟ್ರಲ್ಲ. ಬಹಳ ವರ್ಷದಿಂದ ಮಿಶಿಗನ್ ರಾಜ್ಯದಲ್ಲಿದ್ದೇನೆ, ಆ ಕಾಲದ ಬಗ್ಗೆ ಸಿಕ್ಕಿದ್ದೆಲ್ಲ ಓದುವ ಚಟ ಇದೆ, ಅಷ್ಟೇ.

ಜಾನ್ ಕೆನಡಿಯಿಂದ ಶುರು ಮಾಡೋಣ. 1963ರ ಜೂನ್ 11ರ ರಾತ್ರಿ ಅವರು ಟಿವಿಯಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ಬಗ್ಗೆ ಮಾತಾಡಿದರು, ಹೊಸ ಕಾನೂನು ತರುವ ಮಾತು ಕೊಟ್ಟರು. ಅದೇ ರಾತ್ರಿ ಹನ್ನೆರಡು ದಾಟಿದ ಮೇಲೆ ಮಿಸ್ಸಿಸಿಪ್ಪಿಯ ಜಾಕ್ಸನ್‌ನಲ್ಲಿ ಮೆಡ್ಗರ್ ಎವರ್ಸ್ ಎಂಬ ಕಪ್ಪು ಹೋರಾಟಗಾರರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಕೊಂದವನಿಗೆ ಶಿಕ್ಷೆಯಾದದ್ದು 1994ರಲ್ಲಿ. ದೊಡ್ಡ ಕೊಲೆಗಳ ಪಟ್ಟಿ ಮಾಡುವಾಗ ಈ ಹೆಸರು ಯಾಕೋ ಬಿಟ್ಟುಹೋಗುತ್ತದೆ. ಆದರೆ ದಕ್ಷಿಣದ ಹಳ್ಳಿಗಳಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುತ್ತಾ ಓಡಾಡುತ್ತಿದ್ದ ಹುಡುಗ ಹುಡುಗಿಯರಿಗೆ ರಾಜಕೀಯ ಕೊಲೆ ಅನ್ನೋದು ಮುಂದೆ ಕೆನಡಿ ಕೊಲೆಯಾದ ಡಲ್ಲಾಸ್‌ನಲ್ಲಿ ಶುರುವಾದದ್ದಲ್ಲ. ಅವರಿಗದು ದಿನದ ಭಯವಾಗಿತ್ತು.

ಕೆನಡಿ ಕಳಿಸಿದ ಮಸೂದೆ ಸಂಸತ್ತಿನಲ್ಲಿ ಸಿಕ್ಕಿಹಾಕಿಕೊಂಡಿತು. ಯಾವ ಮಸೂದೆ ಚರ್ಚೆಗೆ ಬರಬೇಕೆಂದು ತೀರ್ಮಾನಿಸುವ ಕೆಳಮನೆಯ ರೂಲ್ಸ್ ಕಮಿಟಿಯ ಅಧ್ಯಕ್ಷ ಹೊವರ್ಡ್ ಸ್ಮಿತ್ ವರ್ಜೀನಿಯಾದವರು, ಕೆನಡಿಯದೇ ಡೆಮಾಕ್ರಟಿಕ್ ಪಕ್ಷದವರು. ಮಸೂದೆಯನ್ನು ಮುಂದಕ್ಕೆ ಬಿಡುವ ಮನಸ್ಸು ಅವರಿಗೆ ಇರಲಿಲ್ಲ. ನವೆಂಬರ್ 22ರಂದು ಕೆನಡಿ ಹತ್ಯೆಯಾಯಿತು. ಐದು ದಿನ ಕಳೆದು ಹೊಸ ಅಧ್ಯಕ್ಷ ಲಿಂಡನ್ ಜಾನ್ಸನ್ ಸಂಸತ್ತಿನ ಮುಂದೆ ನಿಂತು, ಸತ್ತವರಿಗೆ ಗೌರವ ಸಲ್ಲಿಸಬೇಕೆಂದರೆ ಈ ಮಸೂದೆಯನ್ನು ಬೇಗ ಪಾಸ್ ಮಾಡಿ ಎಂದರು. ಜಾನ್ಸನ್ ಟೆಕ್ಸಸ್‌ನವರು, ಸೆನೆಟ್ಟಿನ ಒಳಹೊರಗು ತಿಳಿದ ಹಳೇ ಹುಲಿ. ಯಾರನ್ನು ಬೆದರಿಸಬೇಕು, ಯಾರನ್ನು ಹೊಗಳಬೇಕು ಎಲ್ಲ ಗೊತ್ತು. ಮಸೂದೆ ತಡೆಯಲು ದಕ್ಷಿಣದ ಸೆನೆಟರುಗಳು ವಾರಗಟ್ಟಲೆ ಭಾಷಣ ಮಾಡುತ್ತಲೇ ಇದ್ದರು. ಕೊನೆಗೆ 1964ರ ಜೂನ್ 10ರಂದು 71-29 ಮತಗಳಿಂದ ಅವರ ಬಾಯಿ ಮುಚ್ಚಿಸಲಾಯಿತು. ಜುಲೈ 2ಕ್ಕೆ ಕಾನೂನು ಬಂತು.

ಆ ವರ್ಷದ ಚುನಾವಣೆಯಲ್ಲಿ ಜಾನ್ಸನ್ ಶೇ. 61 ಮತ ಪಡೆದು ಗೆದ್ದರು. ಕೆಳಮನೆಯ 435 ಸೀಟುಗಳಲ್ಲಿ 295, ಸೆನೆಟ್ಟಿನ 100ರಲ್ಲಿ 68 ಅವರ ಪಕ್ಷದ ಕೈಗೆ ಬಂತು. ಮುಂದಿನ ವರ್ಷ ಕಾನೂನುಗಳ ಸುರಿಮಳೆ. ವಯಸ್ಸಾದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್, ಆಗಸ್ಟ್ 6ಕ್ಕೆ ಮತದಾನದ ಹಕ್ಕಿನ ಕಾಯ್ದೆ. ಅಕ್ಟೋಬರ್ 3ಕ್ಕೆ ಹೊಸ ವಲಸೆ ಕಾಯ್ದೆ. ಇದರ ಬಗ್ಗೆ ನಮ್ಮವರು ಮಾತಾಡುವುದು ಕಮ್ಮಿ. ಅದಕ್ಕೆ ಮೊದಲು ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ ಬರೀ 100. ಇಲ್ಲಿನ ಕನ್ನಡ ಕೂಟಗಳಲ್ಲಿ ಸೇರಿ ಯುಗಾದಿಗೆ ಹೋಳಿಗೆ ತಿನ್ನುವ ನಾವೆಲ್ಲ ಒಂದು ಲೆಕ್ಕದಲ್ಲಿ ಆ ಕಾಯ್ದೆಯ ಮಕ್ಕಳೇ.

ಹಾಗಾಗಿ ನಾಯಕನ ಕೊಲೆಯಿಂದಲೇ ಪ್ರಗತಿಪರ ರಾಜಕೀಯ ಮುರಿದುಬೀಳುವುದಾಗಿದ್ದರೆ 1963ರಲ್ಲೇ ಬೀಳಬೇಕಿತ್ತು. ಆಗಿದ್ದು ಉಲ್ಟಾ. ದುಃಖವನ್ನು ಕಾನೂನಾಗಿ ಮಾಡುವ ಕಲೆ ಜಾನ್ಸನ್‌ಗೆ ಗೊತ್ತಿತ್ತು.

ಆದರೆ ಅದೇ ಜಾನ್ಸನ್ 1964ರ ಆಗಸ್ಟ್‌ನಲ್ಲಿ ಇನ್ನೊಂದು ಕಾಗದಕ್ಕೂ ಸಂಸತ್ತಿನ ಒಪ್ಪಿಗೆ ಪಡೆದರು. ಟಾಂಕಿನ್ ಕೊಲ್ಲಿಯಲ್ಲಿ ಉತ್ತರ ವಿಯೆಟ್ನಾಂ ನಮ್ಮ ಹಡಗುಗಳ ಮೇಲೆ ಎರಡು ಸಲ ದಾಳಿ ಮಾಡಿದೆ, ಅದಕ್ಕೆ ಉತ್ತರ ಕೊಡಲು ಅಧಿಕಾರ ಬೇಕು ಎಂದರು. ಎರಡನೇ ದಾಳಿ ನಡೆದೇ ಇರಲಿಲ್ಲ. ಕೆಳಮನೆಯಲ್ಲಿ 416-0, ಸೆನೆಟ್ಟಿನಲ್ಲಿ 88-2. ಬೇಡ ಎಂದ ಇಬ್ಬರು ಒರೆಗಾನ್‌ನ ವೇಯ್ನ್ ಮೋರ್ಸ್ ಮತ್ತು ಅಲಾಸ್ಕಾದ ಅರ್ನೆಸ್ಟ್ ಗ್ರೂನಿಂಗ್. ಕೆನಡಿ ಸತ್ತಾಗ ವಿಯೆಟ್ನಾಂನಲ್ಲಿ ಸುಮಾರು 16,000 ಅಮೆರಿಕನ್ ಸೈನಿಕರಿದ್ದರು. 1968ರ ಹೊತ್ತಿಗೆ ಐದು ಲಕ್ಷ ದಾಟಿತ್ತು.

ಕ್ಯಾಂಪಸ್ಸುಗಳು ಕುದಿಯತೊಡಗಿದ್ದು 1965ರಲ್ಲಿ. ಮಾರ್ಚ್‌ನಲ್ಲಿ ನಮ್ಮ ಆ್ಯನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರುಗಳು, ವಿದ್ಯಾರ್ಥಿಗಳು ಸೇರಿ ರಾತ್ರಿಯಿಡೀ ಯುದ್ಧದ ಬಗ್ಗೆ ಪಾಠ, ವಾದ ನಡೆಸಿದರು. ಟೀಚ್-ಇನ್ ಎಂಬುದು ಹುಟ್ಟಿದ್ದು ಅಲ್ಲೇ. ಆಮೇಲೆ ದೇಶದ ತುಂಬ ಹರಡಿತು.

ಇಲ್ಲೊಂದು ಕಹಿ ವಿಷಯ ಇದೆ. ಆಗ ಸೇನೆಗೆ ಕಡ್ಡಾಯ ಭರ್ತಿ, ಡ್ರಾಫ್ಟ್. ಕಾಲೇಜಿನಲ್ಲಿದ್ದರೆ ಸದ್ಯಕ್ಕೆ ವಿನಾಯಿತಿ. ಓದುವ ಮನೆಯ ಹುಡುಗರು ಕ್ಯಾಂಪಸ್ಸಿನಲ್ಲಿ ಯುದ್ಧದ ವಿರುದ್ಧ ಕೂಗುತ್ತಿದ್ದರು, ಕಾರ್ಖಾನೆ ಕೆಲಸಗಾರರ ಮಕ್ಕಳು, ಕಪ್ಪು ಹುಡುಗರು ಕಾಡಿನಲ್ಲಿ ಗುಂಡು ತಿನ್ನುತ್ತಿದ್ದರು. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನನ್ನ ನೆರೆಯವರೊಬ್ಬರು ಇವತ್ತಿಗೂ ಯುದ್ಧವನ್ನು ಬೈಯುತ್ತಾರೆ. ಯುದ್ಧ ವಿರೋಧಿಸಿದ ವಿದ್ಯಾರ್ಥಿಗಳನ್ನು ಅದಕ್ಕಿಂತ ಜಾಸ್ತಿ ಬೈಯುತ್ತಾರೆ. ಯೂನಿಯನ್ನು, ಕಪ್ಪು ಜನರು, ಓದಿದ ಉದಾರವಾದಿಗಳು: ಈ ಮೂವರು ಜೊತೆಗಿದ್ದರೆ ಮಾತ್ರ ಡೆಮಾಕ್ರಟಿಕ್ ಪಕ್ಷದಲ್ಲಿ ಪ್ರಗತಿಪರರ ಕೈ ಮೇಲಾಗುತ್ತಿತ್ತು. ಆ ಜೊತೆ ಬಿರುಕು ಬಿಟ್ಟದ್ದು ಡ್ರಾಫ್ಟ್ ಆಫೀಸಿನ ಮುಂದೆ.

ದುಡ್ಡಿನ ಮಾತೂ ಇದೆ. ಬಡತನದ ವಿರುದ್ಧ ಸಮರ ಸಾರಿದ ಜಾನ್ಸನ್ ಇನ್ನೊಂದು ಸಮರಕ್ಕೂ ದುಡ್ಡು ಹೊಂದಿಸಬೇಕಾಯಿತು. 1968ರಲ್ಲಿ ಆದಾಯ ತೆರಿಗೆಯ ಮೇಲೆ ಶೇ. 10 ಸರ್‌ಚಾರ್ಜ್ ಬಂತು. ಅದಕ್ಕೆ ಒಪ್ಪಲು ಸಂಸತ್ತು ಹಾಕಿದ ಷರತ್ತು 600 ಕೋಟಿ ಡಾಲರ್ ಖರ್ಚು ಕಡಿತ.

ಇದನ್ನೆಲ್ಲ ಜೋರಾಗಿ ಹೇಳಿದವರು ಕಿಂಗ್. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಅವರು ಯುದ್ಧದ ವಿರುದ್ಧ ನೇರವಾಗಿ ಮಾತಾಡಿದರು. ಅಲ್ಲಿಗೆ ಶ್ವೇತಭವನದ ಸಂಬಂಧ ಹಳಸಿತು. ನ್ಯೂಯಾರ್ಕ್ ಟೈಮ್ಸ್, ವಾಷಿಂಗ್ಟನ್ ಪೋಸ್ಟ್ ಎರಡೂ ಸಂಪಾದಕೀಯ ಬರೆದು ಬೈದವು. ನಾಗರಿಕ ಹಕ್ಕುಗಳ ಹಳೆಯ ಸಂಸ್ಥೆ ಎನ್‌ಎಎಸಿಪಿ ಕೂಡ ಕೈ ಬಿಟ್ಟಿತು. ಈಗ ಎಲ್ಲ ಪಕ್ಷದವರೂ ಹೊಗಳುವ ಕಿಂಗ್ ತಮ್ಮ ಕೊನೆಯ ವರ್ಷದಲ್ಲಿ ಸಾಕಷ್ಟು ಒಂಟಿಯಾಗಿದ್ದರು. ಸರಿಯಾಗಿ ಒಂದು ವರ್ಷಕ್ಕೆ, 1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಅವರನ್ನು ಕೊಂದರು. ಅಲ್ಲಿಗೆ ಅವರು ಹೋಗಿದ್ದು ಕಸ ತೆಗೆಯುವ ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡಲು. ನೂರಕ್ಕೂ ಹೆಚ್ಚು ಊರುಗಳಲ್ಲಿ ಗಲಭೆ ಆಯಿತು. ಒಂದು ವಾರದಲ್ಲೇ ಮನೆ ಬಾಡಿಗೆ, ಮಾರಾಟದಲ್ಲಿ ಭೇದ ಮಾಡಬಾರದೆಂಬ ಕಾಯ್ದೆಗೆ ಜಾನ್ಸನ್ ಸಹಿ ಹಾಕಿದರು. ಸಾವನ್ನು ಕಾನೂನಾಗಿ ಮಾಡಿದ್ದು ಅದೇ ಕೊನೆಯ ದೊಡ್ಡ ಸಲ ಎನ್ನಬಹುದು.

ಕಿಂಗ್ ಸಾವಿನಿಂದ ನಿಜವಾಗಿ ಕೈತಪ್ಪಿದ್ದು ಬಡವರ ಚಳವಳಿ. ಕಪ್ಪು, ಬಿಳಿ, ಮೆಕ್ಸಿಕನ್ ಮೂಲದ, ಮೂಲನಿವಾಸಿ ಬಡವರನ್ನೆಲ್ಲ ಒಟ್ಟಿಗೆ ವಾಷಿಂಗ್ಟನ್‌ಗೆ ಕರೆತರುವುದು ಅವರ ಯೋಜನೆ. ಅವರಿಲ್ಲದೆಯೇ ಜನ ಬಂದರು, ಗುಡಿಸಲು ಹಾಕಿದರು. ಮಳೆ, ಕೆಸರು, ಜಗಳ. ಜೂನ್‌ನಲ್ಲಿ ಪೊಲೀಸರು ಎತ್ತಂಗಡಿ ಮಾಡಿಸಿದರು. ಈ ಒಂದು ವಿಷಯದಲ್ಲಿ ಮಾತ್ರ ನಿಮ್ಮ ಪ್ರಶ್ನೆಗೆ ಹೌದು ಎನ್ನುತ್ತೇನೆ. ಅವರಿದ್ದಿದ್ದರೆ ಬೇರೆ ಆಗುತ್ತಿತ್ತೇನೋ.

ಈಗ ರಾಬರ್ಟ್ ಕೆನಡಿ, ಬಾಬಿ. ಅವರನ್ನು ಸಂತನ ಹಾಗೆ ಚಿತ್ರಿಸುವುದು ನನಗೆ ಸರಿ ಕಾಣುವುದಿಲ್ಲ. 1963ರ ಅಕ್ಟೋಬರ್‌ನಲ್ಲಿ ಅಟಾರ್ನಿ ಜನರಲ್, ಅಂದರೆ ನ್ಯಾಯ ಇಲಾಖೆಯ ಮುಖ್ಯಸ್ಥರು, ಆಗಿದ್ದಾಗ ಕಿಂಗ್ ಫೋನ್ ಕದ್ದು ಕೇಳಲು ಎಫ್‌ಬಿಐಗೆ ಒಪ್ಪಿಗೆ ಕೊಟ್ಟವರು ಇವರೇ. ಅಣ್ಣನ ಸಾವಿನ ನಂತರ ಬದಲಾದರು, ನಿಜ. 1968ರ ಜನವರಿ ಕೊನೆಯಲ್ಲಿ ವಿಯೆಟ್ನಾಮಿನ ಹೊಸವರ್ಷದ ಹಬ್ಬವಾದ ಟೆಟ್ ಸಮಯದಲ್ಲಿ ಕಮ್ಯುನಿಸ್ಟ್ ಪಡೆಗಳ ದಾಳಿಗಳು ನಡೆದು, ಯುದ್ಧ ಗೆಲ್ಲುತ್ತಿದ್ದೇವೆ ಅನ್ನೋ ಸರ್ಕಾರದ ಮಾತು ಸುಳ್ಳಾಯಿತು. ಆದರೂ ಜಾನ್ಸನ್ ವಿರುದ್ಧ ಮೊದಲು ನಿಂತವರು ಬಾಬಿ ಅಲ್ಲ, ಮಿನ್ನೆಸೋಟಾದ ಸೆನೆಟರ್ ಯೂಜೀನ್ ಮೆಕಾರ್ಥಿ. (ಕಮ್ಯುನಿಸ್ಟರ ಬೇಟೆಗೆ ಹೆಸರಾದ ಜೋ ಮೆಕಾರ್ಥಿಗೂ ಇವರಿಗೂ ಸಂಬಂಧವಿಲ್ಲ. ಜೋ ಮೆಕಾರ್ಥಿಯ ಕಮಿಟಿಯಲ್ಲಿ ಕೆಲಸ ಮಾಡಿದ್ದವರು ಬಾಬಿ!) ಮಾರ್ಚ್ 12ರ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿ ಯಾರೆಂದು ಜನರೇ ಮತ ಹಾಕುವ ಒಳ ಚುನಾವಣೆ) ಮೆಕಾರ್ಥಿಗೆ ಶೇ. 42 ಮತ ಬಂತು. ಹಾಲಿ ಅಧ್ಯಕ್ಷರು ಅಲ್ಲಾಡಿಹೋದರು. ನಾಲ್ಕೇ ದಿನಕ್ಕೆ ಬಾಬಿ ಕಣಕ್ಕಿಳಿದರು. ಮಾರ್ಚ್ 31ಕ್ಕೆ ಜಾನ್ಸನ್ ತಾನು ಮತ್ತೆ ನಿಲ್ಲುವುದಿಲ್ಲ ಎಂದು ಟಿವಿಯಲ್ಲಿ ಹೇಳಿದರು. ಜೂನ್ 4ರಂದು ಬಾಬಿ ಕ್ಯಾಲಿಫೋರ್ನಿಯಾ ಗೆದ್ದರು. ಆ ರಾತ್ರಿಯೇ ಲಾಸ್ ಏಂಜಲೀಸ್‌ನ ಹೋಟೆಲಿನ ಅಡುಗೆಮನೆ ಹಾದಿಯಲ್ಲಿ ಗುಂಡೇಟು ಬಿತ್ತು. ಜೂನ್ 6ಕ್ಕೆ ತೀರಿಕೊಂಡರು.

ಆಗಸ್ಟ್‌ನಲ್ಲಿ ಷಿಕಾಗೋದಲ್ಲಿ ಪಕ್ಷದ ಸಮಾವೇಶ. ಹೊರಗೆ ಮೇಯರ್ ರಿಚರ್ಡ್ ಡೇಲಿಯ ಪೊಲೀಸರು ಯುದ್ಧವಿರೋಧಿಗಳನ್ನು ಲಾಠಿಯಲ್ಲಿ ಬಡಿಯುತ್ತಿದ್ದರು. ಒಳಗೆ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಗೆ ಟಿಕೆಟ್ ಸಿಕ್ಕಿತು. ಅವರು ಒಂದೇ ಒಂದು ಪ್ರೈಮರಿಗೂ ನಿಂತಿರಲಿಲ್ಲ. ಪ್ರೈಮರಿಗಳಿದ್ದದ್ದು ಕೆಲವೇ ರಾಜ್ಯಗಳಲ್ಲಿ, ಉಳಿದ ಡೆಲಿಗೇಟುಗಳು, ಅಂದರೆ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು, ಪಕ್ಷದ ದೊಡ್ಡವರ ಜೇಬಿನಲ್ಲಿ. ನವೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದ ನಿಕ್ಸನ್ ಕೂದಲೆಳೆಯ ಅಂತರದಲ್ಲಿ ಗೆದ್ದರು. ಜನಾಂಗ ಭೇದದ ಪರ ನಿಂತ ಅಲಬಾಮಾದ ಮಾಜಿ ಗವರ್ನರ್ ಜಾರ್ಜ್ ವ್ಯಾಲೇಸ್ ಮೂರನೇ ಅಭ್ಯರ್ಥಿಯಾಗಿ ಐದು ದಕ್ಷಿಣ ರಾಜ್ಯ ಗೆದ್ದರು.

ಷಿಕಾಗೋದ ಸಿಟ್ಟು ಎಲ್ಲಿಗೆ ಹೋಯಿತು? ನಿಯಮಗಳ ಪುಸ್ತಕಕ್ಕೆ. ಇದು ಬೇಸರದ ವಿಷಯ ಅನ್ನಿಸಬಹುದು, ಆದರೆ ನನ್ನ ಪ್ರಕಾರ ಆ ದಶಕದ ಅತಿ ಗಟ್ಟಿ ಪರಿಣಾಮ ಇದೇ. ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ನೇತೃತ್ವದ ಸಮಿತಿ ಡೆಲಿಗೇಟುಗಳ ಆಯ್ಕೆಯನ್ನು ಬದಲಿಸಿತು. ಹೆಂಗಸರಿಗೆ, ಯುವಕರಿಗೆ, ಕಪ್ಪು ಜನರಿಗೆ ಜಾಗ ಬೇಕು, ಬಾಗಿಲು ಮುಚ್ಚಿ ಹೆಸರು ಬರೆಯುವಂತಿಲ್ಲ. ರಾಜ್ಯಗಳು ಒಂದೊಂದಾಗಿ ಪ್ರೈಮರಿಗೆ ಬಂದವು. 1972ರ ಸಮಾವೇಶದಲ್ಲಿ ಡೇಲಿಯ ತಂಡವನ್ನೇ ಹೊರಗೆ ಹಾಕಿದರು! ಮುಂದೆ ಒಬಾಮ, ಬರ್ನಿ ಸ್ಯಾಂಡರ್ಸ್ ಅಂಥವರು ಪಕ್ಷದ ದೊಡ್ಡವರ ಅಪ್ಪಣೆ ಕೇಳದೆ ನಿಲ್ಲಲು ದಾರಿ ಆದದ್ದು ಹೀಗೆ.

ಆದರೆ ಅದೇ 1972ರಲ್ಲಿ ಟಿಕೆಟ್ ಪಡೆದ ಮೆಕ್‌ಗವರ್ನ್ 49 ರಾಜ್ಯ ಸೋತರು. ಯೂನಿಯನ್ನುಗಳ ಮಹಾ ಒಕ್ಕೂಟ ಎಎಫ್‌ಎಲ್-ಸಿಐಒ ಮೊದಲ ಬಾರಿಗೆ ಡೆಮಾಕ್ರಟಿಕ್ ಅಭ್ಯರ್ಥಿಗೆ ಬೆಂಬಲ ಕೊಡಲಿಲ್ಲ. ಮಿಶಿಗನ್‌ನ ಕಥೆ ಇನ್ನೂ ವಿಚಿತ್ರ. ಮೇ 15ರಂದು ವ್ಯಾಲೇಸ್ ಮೇಲೂ ಗುಂಡು ಹಾರಿತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮಾರನೇ ದಿನ ಇಲ್ಲಿನ ಡೆಮಾಕ್ರಟಿಕ್ ಪ್ರೈಮರಿ. ಯೂನಿಯನ್ನುಗಳ ತವರು ಎನ್ನಿಸಿಕೊಂಡ ಈ ರಾಜ್ಯದಲ್ಲಿ ವ್ಯಾಲೇಸ್ ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು. ಅನುಕಂಪ ಒಂದೇ ಕಾರಣ ಅಲ್ಲ. ಕಪ್ಪು, ಬಿಳಿ ಮಕ್ಕಳನ್ನು ಬಸ್ಸಿನಲ್ಲಿ ದೂರದ ಶಾಲೆಗಳಿಗೆ ಕಳಿಸಿ ಬೆರೆಸುವ ಯೋಜನೆಯ ಮೇಲೆ ಬಿಳಿಯರಿಗೆ ಸಿಟ್ಟಿತ್ತು. ಯುದ್ಧ ಬಿಟ್ಟ ಬಿರುಕಿನೊಳಗೆ ಜನಾಂಗದ ಜಗಳ ನುಗ್ಗಿತ್ತು. ಪೂರ್ತಿ ತಪ್ಪು ಯುದ್ಧದ್ದೇ ಅಂತ ನಾನೂ ಹೇಳಲಾರೆ.

ಆ ಗಾಯದ ಗುರುತು ಈಗಲೂ ಇದೆ. ಪ್ರಗತಿಪರ ಮತದಾರರು ತಮ್ಮದೇ ಪಕ್ಷದ ನಾಯಕರನ್ನು ಯುದ್ಧದ ವಿಷಯದಲ್ಲಿ ಸುಮ್ನೆ ಬಿಡುವುದಿಲ್ಲ. ಇರಾಕ್ ಯುದ್ಧಕ್ಕೆ 2002ರಲ್ಲಿ ಒಪ್ಪಿಗೆಯ ಮತ ಹಾಕಿದ್ದು ಹಿಲರಿ ಕ್ಲಿಂಟನ್‌ಗೆ 2008ರಲ್ಲಿ ಮುಳುವಾಯಿತು. 2024ರ ಫೆಬ್ರವರಿಯಲ್ಲಿ ಗಾಜಾ ವಿಷಯಕ್ಕೆ ಬೈಡನ್ ಮೇಲೆ ಮುನಿದು ಮಿಶಿಗನ್ ಪ್ರೈಮರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಯಾರಿಗೂ ಬದ್ಧರಲ್ಲ ಎಂಬ ಆಯ್ಕೆಗೆ ಮತ ಹಾಕಿದರು.

ಕೊನೆಗೆ, ಬಾಬಿ ಬದುಕಿದ್ದರೆ ಅಧ್ಯಕ್ಷರಾಗುತ್ತಿದ್ದರಾ? ಎಲ್ಲರೂ ಆಗುತ್ತಿದ್ದರು ಎನ್ನುತ್ತಾರೆ. ನನಗೆ ಅಷ್ಟು ಖಾತ್ರಿ ಇಲ್ಲ. ಕ್ಯಾಲಿಫೋರ್ನಿಯಾ ಗೆದ್ದ ರಾತ್ರಿಯೂ ಡೆಲಿಗೇಟ್ ಲೆಕ್ಕದಲ್ಲಿ ಹಂಫ್ರಿಯೇ ಮುಂದಿದ್ದರು. ಅದಕ್ಕೆ ಒಂದು ವಾರ ಮೊದಲು ಬಾಬಿ ಒರೆಗಾನ್‌ನಲ್ಲಿ ಮೆಕಾರ್ಥಿಗೆ ಸೋತಿದ್ದರು. ಡೇಲಿಯಂಥ ದೊಡ್ಡವರು ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿದ್ದರೆ ಮಾತ್ರ ದಾರಿ ಇತ್ತು. ಗೆದ್ದಿದ್ದರೆ ಯುದ್ಧ ಬೇಗ ನಿಲ್ಲಿಸುತ್ತಿದ್ದರು ಎಂದು ನಂಬುತ್ತೇನೆ. ನಿಕ್ಸನ್ ಕಾಲದಲ್ಲಿ ಸತ್ತ ಇಪ್ಪತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರಲ್ಲಿ, ಲೆಕ್ಕವಿಲ್ಲದಷ್ಟು ವಿಯೆಟ್ನಾಂ ಜನರಲ್ಲಿ ಎಷ್ಟೋ ಮಂದಿ ಉಳಿಯುತ್ತಿದ್ದರು. ಆದರೆ ವ್ಯಾಲೇಸ್ ಹಿಂದೆ ಹೊರಟಿದ್ದ ದಕ್ಷಿಣದ ಬಿಳಿಯರು ಬಾಬಿಗಾಗಿ ವಾಪಸ್ ಬರುತ್ತಿದ್ದರು ಅನ್ನೋದನ್ನು ಒಪ್ಪೋದು ಕಷ್ಟ. ಅವರು ಹೊರಟದ್ದು 1964ರ ಕಾನೂನಿನ ಮೇಲಿನ ಸಿಟ್ಟಿಗೆ, ಆ ಮಸೂದೆ ತಯಾರಾಗುವಾಗ ಅಟಾರ್ನಿ ಜನರಲ್ ಆಗಿದ್ದವರು ಬಾಬಿಯೇ ಅಲ್ವಾ?