ದಿಂಬಿನ ಕೆಳಗಿನ ಪತ್ತೇದಾರಿ

ಪ್ರಶ್ನೆ: ಹಾಸನದಲ್ಲಿ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ, ವಯಸ್ಸು 46. ಅಮ್ಮನಿಗೆ ಲಕ್ವ ಹೊಡೆದು ಎರಡು ವರ್ಷವಾಯಿತು. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಬೇಕು. (ತಮ್ಮ ಬೆಂಗಳೂರಿನಲ್ಲಿದ್ದಾನೆ, ಅವನಿಗೆ ತೊಂದರೆ ಕೊಡಲು ಇಷ್ಟವಿಲ್ಲ.) ನಡುವೆ ಪತ್ತೇದಾರಿ ಕಾದಂಬರಿ ಓದುತ್ತೇನೆ, ಓದಿದ್ದನ್ನೇ ಮತ್ತೆ ಓದುತ್ತೇನೆ. ಗೆಳತಿಯರ ಭಾನುವಾರದ ಓದಿನ ಗುಂಪಿನಲ್ಲಿ ಬಾನು ಮುಷ್ತಾಕ್ ಅವರ ಕಥೆಯೊಂದನ್ನು ಎತ್ತಿಕೊಂಡಿದ್ದರು. ನಾಲ್ಕು ಪುಟ ಓದುವಷ್ಟರಲ್ಲಿ ಎದೆ ಹಿಂಡಿದಂತಾಗಿ ಮುಚ್ಚಿಟ್ಟೆ. "ಇನ್ನೂ ಅದೇ ಪತ್ತೇದಾರಿ ಏನೇ?" ಎಂದು ಒಬ್ಬಳು ನಕ್ಕಳು. ಈಗ ಗುಂಪಿಗೆ ಹೋಗುತ್ತಿಲ್ಲ. ಪುಸ್ತಕವನ್ನು ದಿಂಬಿನ ಕೆಳಗೆ ಬಚ್ಚಿಡುತ್ತೇನೆ. ನನ್ನ ಬುದ್ಧಿಗೆ ತುಕ್ಕು ಹಿಡಿಯಿತೇ?

ಉತ್ತರ: ಸಹೋದರಿ, ತುಕ್ಕು ಹಿಡಿದಿಲ್ಲ. ನಿಮಗೆ ನಿದ್ದೆ ಸಾಲುತ್ತಿಲ್ಲ. ತಮ್ಮನ ವಿಚಾರವನ್ನು ಆವರಣದೊಳಗೆ ಬರೆದಿದ್ದೀರಿ, ಅದಕ್ಕೆ ಆಮೇಲೆ ಬರುತ್ತೇನೆ.

ನಡುರಾತ್ರಿ ಎದ್ದೆದ್ದು ಮಲಗುವವರಿಗೆ ಪತ್ತೇದಾರಿಗಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. ಎಲ್ಲಿ ನಿಲ್ಲಿಸಿದರೂ ಎಳೆ ತಪ್ಪುವುದಿಲ್ಲ. ಮೊದಲ ಪುಟದಲ್ಲಿ ಹುಟ್ಟಿದ ಪ್ರಶ್ನೆಗೆ ಕೊನೆಯ ಪುಟದೊಳಗೆ ಉತ್ತರ ಸಿಕ್ಕೇ ಸಿಗುತ್ತದೆ. ಅಮ್ಮ ಯಾವಾಗ ಎದ್ದು ಕೂರುತ್ತಾರೆ ಎಂದರೆ ವೈದ್ಯರೂ ಹೇಳಲಾರರು. ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ನಾನೂ ಇದನ್ನೇ ಓದಿದೆ, ಕೊಲೆಗಾರ ಯಾರೆಂದು ಗೊತ್ತಿದ್ದ ಕಾದಂಬರಿಗಳನ್ನೇ ಹುಡುಕಿ ಓದಿದೆ. ಆ ದಿನಗಳಲ್ಲಿ ಇನ್ನೊಂದು ಅನಿರೀಕ್ಷಿತವನ್ನು ತಡೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ.

ಇಂಗ್ಲೆಂಡಿನ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿ ಕೂಡ ನಿಮ್ಮ ಹಾಗೆ ಔಷಧಿ ಕೊಡುತ್ತಿದ್ದವರು. ಮೊದಲ ಮಹಾಯುದ್ಧದ ಕಾಲದಲ್ಲಿ ತಮ್ಮೂರಿನ ಆಸ್ಪತ್ರೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ, ಬಳಿಕ ಅಲ್ಲಿನ ಔಷಧಾಲಯಕ್ಕೆ ಸೇರಿದರು. ವಿಷಗಳ ವಿಚಾರ ಕಲಿತದ್ದು ಅಲ್ಲಿಯೇ. 1920ರಲ್ಲಿ ಅಚ್ಚಾದ ಮೊದಲ ಕಾದಂಬರಿಯನ್ನು ಬರೆದದ್ದೂ ಆ ಯುದ್ಧದ ನಡುವೆಯೇ. ನಮ್ಮಲ್ಲಿ ನಾಲ್ಕನೇ ತರಗತಿಗೇ ಓದು ನಿಂತ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದು ಎಷ್ಟು ಮನೆಗಳಿಗೆ ಓದುವ ಗೀಳು ಹತ್ತಿಸಿದರು! ಅಂಥ ಬರಹವನ್ನು ಕೀಳಾಗಿ ಕಾಣುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಆದರೆ ಆ ನಾಲ್ಕು ಪುಟದ ಮಾತು ನನ್ನನ್ನು ಬಿಡುತ್ತಿಲ್ಲ. ಅರ್ಥವಾಗದೆ ಮುಚ್ಚಿದವರಿಗೆ ಎದೆ ಹಿಂಡುವುದಿಲ್ಲ. ಕಥೆ ನಿಮಗೆ ಪೂರ್ತಿ ತಟ್ಟಿದೆ. ಮನೆಯೊಳಗೆ ಹೆಣ್ಣು ಹೊರುವ ಭಾರವನ್ನು ಬರೆದವರು ಬಾನು ಮುಷ್ತಾಕ್. ಅದೇ ಭಾರ ಇಳಿಸಿ ರಾತ್ರಿ ಹನ್ನೊಂದಕ್ಕೆ ಹಾಸಿಗೆಗೆ ಬರುವ ನಿಮಗೆ ಅದು ಆ ಹೊತ್ತಿನ ಓದಲ್ಲ. ಹಾಸನದವರೇ ಆದ ಅವರಿಂದ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ನಿಮ್ಮೂರಿಗೇ ಬಂತು ಎಂಬ ಹೆಮ್ಮೆ ಇರಲಿ, ಅದಕ್ಕಾಗಿ ಓದಲೇಬೇಕೆಂಬ ಹಠ ಬೇಡ.

ಎರಡೂ ರುಚಿ ಒಟ್ಟಿಗೆ ಬೇಕಾದರೆ ಪಕ್ಕದ ಮೂಡಿಗೆರೆಯ ತೇಜಸ್ವಿ ಇದ್ದಾರೆ. 'ಚಿದಂಬರ ರಹಸ್ಯ'ದಲ್ಲಿ ಏಲಕ್ಕಿ ವಿಜ್ಞಾನಿಯೊಬ್ಬರ ಸಾವಿನ ಜಾಡು ಹಿಡಿದು ಒಬ್ಬ ಅಧಿಕಾರಿ ಕೆಸರೂರಿಗೆ ಬರುತ್ತಾನೆ. ಓದುತ್ತಾ ಹೋದಂತೆ ಕೊಲೆಗಾರನ ಯೋಚನೆ ಹಿಂದಾಗಿ ಇಡೀ ಊರಿನ ಚಿಂತೆ ಹತ್ತಿಕೊಳ್ಳುತ್ತದೆ. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇದಕ್ಕೇ ಬಂದದ್ದು. ನಿಮ್ಮ ಗೆಳತಿಗೂ ಕೊಡಿ.

ಈಗ ತಮ್ಮನ ವಿಚಾರ. ಇವತ್ತೇ ಫೋನ್ ಮಾಡಿ. ತಿಂಗಳಿಗೆ ಎರಡು ಶನಿವಾರ ಅವನು ಬಂದು ಅಮ್ಮನ ಪಕ್ಕ ಮಲಗಲಿ, ಮಗ್ಗುಲು ಬದಲಿಸುವುದನ್ನು ಕಲಿಯಲಿ. ಅಮ್ಮ ಅವನಿಗೂ ಅಮ್ಮನೇ. ನೀವು ಬೇರೆ ಕೋಣೆಯಲ್ಲಿ ಬೆಳಗಿನವರೆಗೆ ನಿದ್ದೆ ಮಾಡಿ. ಭಾನುವಾರ ಕಾಫಿ ಕುಡಿದು, ಬಿಸಿಲಿರುವ ಕಡೆ ಕೂತು, ಆ ಕಥೆಯ ಐದನೇ ಪುಟ ತೆರೆಯಿರಿ. ಅಳು ಬಂದರೆ ಅತ್ತುಬಿಡಿ. ಮುಗಿಯದಿದ್ದರೂ ಗುಂಪಿಗೆ ಹೋಗಿ, ಓದಿದ ನಾಲ್ಕು ಪುಟದ ಬಗ್ಗೆಯೇ ಮಾತಾಡಿ.